ಆರು ಸಿಲಿಂಡರ್

ಸಿದ್ದಾಪುರದ ಸಂತೆ ದಾಟಿ, ಹೊಳೆಯಂಚಿನಲ್ಲಿ
ಹಲಸಿನ ಎರಡು ತೊಲೆಗಳಿಗೆ ಬೋಲ್ಟು ಬಿಗಿದು
ಕೂರಿಸಿದ್ದಾರೆ ಅದನ್ನು.
ಚಕ್ರವಿಲ್ಲ, ಬಾನೆಟ್ಟಿಲ್ಲ, ಹಾರನ್ನೂ ಇಲ್ಲ,
ಷೆವರ್ಲೆಯ ಎಂಜಿನ್ನು ಮಾತ್ರ.

ಮಡಿಕೇರಿ ಘಾಟಿಯನ್ನು ಟಾಪ್ ಗೇರಿನಲ್ಲೇ ಹತ್ತುತ್ತಿತ್ತಂತೆ.
ನನ್ನ ತುಟಿ ಓದಿ ಪೋಕ್ಕರ್ ಮೇಸ್ತ್ರಿ, "ಸುಳ್ಳು.
ಎರಡನೇ ತಿರುವಿಗೇ ಸೆಕೆಂಡಿಗೆ ಇಳಿಸಬೇಕಿತ್ತು.
ಆದರೆ ಕುದಿಯುತ್ತಿರಲಿಲ್ಲ ಮೋನೇ, ಅದು ನಿಜ.
ವಿಲ್ಲೀಸ್ ಹಠಮಾರಿ. ಆಸ್ಟಿನ್ನಿಗೆ ಬೆಳಿಗ್ಗೆ ಬೆಳಿಗ್ಗೆ ಶೀತ.
ಹಿಲ್‌ಮನ್ನು, ನಾಲ್ಕು ಹನಿ ಬಿದ್ದರೆ ಮುನಿಸು.
ಇದೊಂದೇ, ಬೈದರೂ ಸ್ಟಾರ್ಟ್ ಆಗುತ್ತಿದ್ದದ್ದು."

ಎಡಗಿವಿ ಹೋಗಿ ಹತ್ತು ವರ್ಷ, ಬಲಗಿವಿ ಮೊನ್ನೆ ಮೊನ್ನೆ.
ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ ಊರಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚುತ್ತಾರೆ.
ದವಡೆಯೊಳಗೆ ಕೇಳುತ್ತದಂತೆ ಒಂದೊಂದು ವಾಲ್ವೂ.
"ನಾಲ್ಕನೆಯದು ತಡವರಿಸ್ತಿದೆ."

ನನ್ನ ಎರಡೂ ಕಿವಿ ಸರಿಯಿವೆ.
ನನಗೆ ಕೇಳಿದ್ದು ಬರೀ ಸದ್ದು.

ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಣ್ಣೆಗೆ ತಿರುಗಿಸಿದೆವು.
ಪೈಪುಗಳು ಒಮ್ಮೆ ಕೆಮ್ಮಿ, ಬಿಗಿದು,
ಗುಡ್ಡದ ಮೇಲೆ ಸ್ಪ್ರಿಂಕ್ಲರು ಸುತ್ತತೊಡಗಿತು.
ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತು
ಗೋಣಿಕೊಪ್ಪಲಿನ ಮೋರಿಗೆ ಗುದ್ದಿದ್ದ ದೇಚಮ್ಮ
ಅಲ್ಲಿಂದಲೇ ಕೈ ಬೀಸಿದರು:
ನೀರು ಬಂತು, ಬಂತು.

ಒಂಬತ್ತನೇ ದಿನ ತೋಟವೆಲ್ಲ ಹೂ.
ಜೇನಿನ ಗುಂಯ್‌ಗುಟ್ಟುವಿಕೆ, ತಲೆ ತಿರುಗಿಸುವ ಪರಿಮಳ,
ರಸ್ತೆಯಲ್ಲಿ ಬಸ್ಸಿನವರೂ ಕಿಟಕಿ ತೆರೆದರು.
ಮೇಸ್ತ್ರಿ ಮಾತ್ರ ತೊಲೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು
ಹಳೇ ಪತ್ರಿಕೆಯ ಮೇಲೆ ಬಿದ್ದ ಎಣ್ಣೆಯ ಹನಿ ಎಣಿಸುತ್ತಿದ್ದರು.

"ಮೂರು," ಅಂದರು. "ನಿನ್ನೆ ಐದಿತ್ತು."