ಸೊನ್ನೆಯ ಕೆಳಗೆ

ಮೇ ಕೊನೆ. ಕುಟ್ಬಣ ಜೆಟ್ಟಿಯಲ್ಲಿ ಬಲೆ ಮಡಚುತ್ತಿದ್ದಾರೆ,
ಇನ್ನೆರಡು ತಿಂಗಳು ಸಮುದ್ರಕ್ಕೆ ರಜೆ.
ಐಸ್ ಕಾರ್ಖಾನೆಯ ಮಗ್ಗುಲ ಕೋಣೆಯಲ್ಲಿ ನಾನು,
ತೊಡೆ ಸುಡುವ ಲ್ಯಾಪ್‌ಟಾಪು,
ಎರಡು ಸಮೀಕರಣ:
ಒಂದು ತಾರ್ಲೆಯದು,
ಇನ್ನೊಂದು ಅದನ್ನು ತಿನ್ನುವ ಇಸ್ವಾಣದ್ದು.

ಮೊದಲ ಸಲ ಏನೂ ಹೇಳದೆ ಬಿಟ್ಟೆ,
ಅಕ್ಷಗಳನ್ನು ಅದೇ ಆರಿಸಿಕೊಳ್ಳಲಿ ಎಂದು.
ಗೆರೆ ಎದ್ದು, ಬಿದ್ದು, ಮತ್ತೆ ಎದ್ದು
ಪರದೆ ತುಂಬ ಬಿರುಗಾಳಿ.
ಎದೆ ಝಲ್ಲೆಂದಿತು. ಬಗ್ಗಿ ಅಂಚಿನ ಅಂಕಿ ಓದಿದರೆ
ನಲವತ್ತು ದಶಾಂಶ ಸೊನ್ನೆ ಒಂದರಿಂದ
ನಲವತ್ತು ದಶಾಂಶ ಸೊನ್ನೆ ಮೂರು!
ಲೋಟದ ಚಹಾ ತುಳುಕಿದ್ದಕ್ಕೆ
ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆ ಏರಿಸಿದ ಹಾಗೆ.

ಸರಿ, ಆವರಣದೊಳಗೆ ಎರಡು ಅಂಕಿ, ನಡುವೆ ಅಲ್ಪವಿರಾಮ:
ಸೊನ್ನೆಯಿಂದ ನೂರು.
ಅದೇ ಲೆಕ್ಕ, ಅದೇ ಮೀನು,
ಗೆರೆ ಈಗ ಗಾರೆಯವನ ದಾರದಷ್ಟು ನೆಟ್ಟಗೆ.
ಎರಡರಲ್ಲಿ ಯಾವುದೂ ಸುಳ್ಳಲ್ಲ,
ಅದೇ ತೊಂದರೆ.

ಆಮೇಲೆ ಹಿಡಿಯುವವರನ್ನೂ ಸೇರಿಸಿದೆ,
ದಿನಕ್ಕೆ ಇಷ್ಟು ಪೆಟ್ಟಿಗೆ, ಮಳೆಯಿರಲಿ ಬಿಸಿಲಿರಲಿ.
ಗೆರೆ ಸ್ವಲ್ಪ ಬಾಗಿತು, ಸಭ್ಯವಾಗಿ.
ದೋನಾ ಪಾವ್ಲಾದಿಂದ ವೇರ್ಣೇಕರ್ ಮೇಡಂ ಫೋನು:
“ಚೆನ್ನಾಗಿದೆ, ವರದಿಗೆ ಇದೇ ಹಾಕು.”

ಮೊಬೈಲು ಚಾರ್ಜಿಗಿಡಲು ಬಂದ ಬುದವಂತ ಹರಿಕಂತ್ರ,
ಅಂಕೋಲೆಯವನು, ಹದಿನಾಲ್ಕು ವರ್ಷದಿಂದ ಇಲ್ಲಿನ ಟ್ರಾಲರಿನ ತಾಂಡೇಲ,
ನನ್ನ ಹೆಗಲ ಮೇಲಿಂದ ಇಣುಕಿದ.
“ಇದು ಎಂತದು?”
“ತಾರ್ಲೆ.”
ಬಲ ಅಂಚಿಗೆ ಬೆರಳಿಟ್ಟ. ಗಾಜಿನ ಮೇಲೆ ಮೀನಿನ ಜಿಡ್ಡು.
“ಇಲ್ಲಿಂದ ಆಚೆಗೆ?”
“ಆಚೆ ಇಲ್ಲ. ಮೂವತ್ತು ವರ್ಷಕ್ಕೆ ನಿಲ್ಲಿಸಿದ್ದೇನೆ.”
“ಎಂತಕ್ಕೆ?”

ಎಂತಕ್ಕೆಂದರೆ,
ಹಳೆಯ ಕೋಡಿನಲ್ಲಿ ಮೂವತ್ತಿತ್ತು.
ಯಾರೋ ಯಾವುದೋ ಕಪ್ಪೆಗೆ ಬರೆದದ್ದು,
ನಾನು ಹಾಗೇ ಎತ್ತಿಕೊಂಡಿದ್ದೆ.

“ನನ್ನ ಮಗಳಿಗೆ ಈಗ ಎರಡು,” ಅಂದ.
“ಮೂವತ್ತಾದ ಕೂಡ್ಲೆ
ಅವಳು ಈ ಚಿತ್ರದಿಂದ ಇಳ್ದು ಎಲ್ಲಿಗೆ ಹೋಗ್ಬೇಕು?”

ಮೂವತ್ತು ಅಳಿಸಿ ಅರವತ್ತು ಮಾಡಿದೆ.
ಮೂವತ್ತನಾಲ್ಕರಲ್ಲಿ ಗೆರೆ
ಮೆಟ್ಟಿಲು ತಪ್ಪಿದ ಕಾಲಿನಂತೆ ಕುಸಿದು
ಕೆಳ ಅಂಚು ತಾಗಿ ಕಾಣೆ.
ಕೆಳ ಅಂಚು ನಾನೇ ಇಟ್ಟ ಸೊನ್ನೆ.
ಅದನ್ನೂ ಕಿತ್ತೆ. ಗೆರೆ ಅಲ್ಲೂ ಇತ್ತು,
ಮೈನಸ್ ಹತ್ತು, ಮೈನಸ್ ಮೂವತ್ತು,
ತಡೆಯಿಲ್ಲದೆ ಇಳಿಯುತ್ತ.

ನಾಚಿಕೆಯಾಯಿತು. “ಇದು ಮಾದರಿಯ ತಪ್ಪು,
ಸೊನ್ನೆಗಿಂತ ಕಡಿಮೆ ಮೀನು ಇರುವುದಿಲ್ಲ.”
ಬುದವಂತ ನಕ್ಕ, ಬೀಡಿಯ ಕೆಮ್ಮು ಸೇರಿ.
“ಇಲ್ದೆ ಎಂತ?
ಆಗಸ್ಟಿನ ಮೀನಿಗೆ ಮೊನ್ನೆಯೇ ಮುಂಗಡ ತಿಂದಾಗಿದೆ.
ಸಾವ್ಕಾರನ ಪುಸ್ತಕದಲ್ಲಿ
ನನ್ನ ಹೆಸರಿನ ಮುಂದೆ ಇರೋದೆಲ್ಲ
ಈ ಜಾತಿಯ ಮೀನೇ.”

ಅವನು ಹೋದ ಮೇಲೆ
ಸಮೀಕರಣ ತಿದ್ದಬೇಕು ಎಂದು ಬರೆದಿಟ್ಟೆ. ತಿದ್ದಬೇಕು, ನಿಜ.
ಚಿತ್ರವನ್ನು ಮಾತ್ರ ಕತ್ತರಿಸದೆ ಕಳಿಸಿದೆ,
ಅರವತ್ತು ವರ್ಷ, ಕೆಳಗೆ ಮೈನಸ್ ಐವತ್ತರ ತನಕ.
ಮೇಡಂ ಬೈಯಬಹುದು.
ಪರದೆ ಒರೆಸಲಿಲ್ಲ.

ಹೊರಗೆ ಸಾಳ್ ನದಿಗೆ ಇಳಿತದ ಹೊತ್ತು.
ಜೆಟ್ಟಿಯ ಕಂಬದ ಮೇಲೆ ನೀರಿನ ಮಟ್ಟದ ಅಂಕಿಗಳು,
ಬಣ್ಣ ಹಚ್ಚಿದವನು ಸೊನ್ನೆಗೆ ಕುಂಚ ಎತ್ತಿದ್ದಾನೆ.
ನೀರು ಅದಕ್ಕೂ ಒಂದು ಗೇಣು ಕೆಳಗಿತ್ತು.
ಅಂಕಿಯಿಲ್ಲದ ಆ ಗೇಣಿನಲ್ಲಿ ಕಂಬಕ್ಕೆ ಕಚ್ಚಿಕೊಂಡ ಚಿಪ್ಪುಗಳು
ಬಾಯಿ ತೆರೆದು, ಮುಚ್ಚಿ,
ತೆರೆದು.