ಹೆಗಲೆತ್ತರದಿಂದ

ಒಂದು ಮೂಟೆ ಸಿಮೆಂಟಿಗೆ
ಎಷ್ಟು ಇಟ್ಟಿಗೆ ಹೊಯ್ಯುತ್ತೀರಿ, ಅಂದಳು.
ಸುಳ್ಳಾಡಬಹುದಿತ್ತು.
ಅರವತ್ತು, ಅಂದೆ.
ಬರೆದುಕೊಂಡಳು. ಬೈಯಲಿಲ್ಲ.
ಬೈದಿದ್ದರೆ ಹಗುರಾಗುತ್ತಿದ್ದೆ.

ಲೆಯೋಗಾನಿನ ನನ್ನ ಅಂಗಳಕ್ಕೆ ಅವಳು ಬಂದದ್ದು
ನೆಲ ನಡುಗಿದ ಮರುವರ್ಷ,
ಚಿಲಿ ದೇಶದ ತಾಲ್ಕಾದಿಂದ. ಹೆಸರು ಗ್ರಿಸೆಲ್ದಾ,
ಬಿಸಿಲಿಗೆ ಮೂಗು ಸುಲಿದ ಎಂಜಿನಿಯರು.
ಒಣಗಲಿಟ್ಟ ಸಾಲಿನಿಂದ ಒಂದನ್ನೆತ್ತಿ
ಹೆಗಲೆತ್ತರಕ್ಕೆ ಹಿಡಿದು ಕೈಬಿಟ್ಟಳು.
ಒಣ ಮರಗೆಣಸಿನ ರೊಟ್ಟಿಯ ಹಾಗೆ
ಚೂರುಚೂರು.

ಅದಕ್ಕೆ ನಾವಿಟ್ಟ ಹೆಸರು ಗುಡುಗುಡು.
ಬಂದ ಸದ್ದೇ ಹೆಸರು.
ಮಕ್ಕಳು ಸಾಕುನಾಯಿಯನ್ನು ಕರೆದಂತೆ ಕರೆಯುತ್ತಾರೆ,
ದೊಡ್ಡವರು ಮೆತ್ತಗೆ, ಎಲ್ಲಿ ಎದ್ದೀತೋ ಎಂದು.

ನಿಮ್ಮಲ್ಲೂ ಬಂತಂತಲ್ಲ, ಕೇಳಿದೆ.
ಬಂತು, ನಿಮ್ಮದಾಗಿ ಆರೇ ವಾರಕ್ಕೆ,
ಅದರೊಳಗಿನ ಬಲ ಐನೂರು ಪಾಲು ಹೆಚ್ಚು, ಅಂದಳು
ನಾಚಿದವಳಂತೆ, ಬೂಟಿನ ತುದಿ ನೋಡುತ್ತ.
ಫ್ರಿಜ್ಜು ಅಡುಗೆಮನೆಯಿಂದ ನಡುಮನೆಗೆ ನಡೆದುಬಂತಂತೆ.
ಹನ್ನೊಂದು ಮಾಳಿಗೆಯ ಅವಳ ಕಟ್ಟಡ ತೂಗಿತು, ನಿಂತಿತು.
ಹಳೆಯ ಕೇರಿಯಲ್ಲಿ ಮಣ್ಣಿನ ಗೋಡೆಗಳು ಬಿದ್ದವು;
ಆ ಕೇರಿಯಲ್ಲಿ ಬಾಡಿಗೆ ಕಮ್ಮಿ.

ನಿಮ್ಮವರು ಎಷ್ಟು ಮಂದಿ?
ಯಾರ ಲೆಕ್ಕ ಹೇಳಲಿ?
ಸರಕಾರದ್ದೊಂದು, ಪರದೇಶದವರದ್ದೊಂದು.
ಅವಳ ಕಡೆ ಸತ್ತವರಿಗೆ ಹೆಸರಿನ ಪಟ್ಟಿಯಿದೆ,
ನಮ್ಮವರಿಗೆ ಸೊನ್ನೆಗಳಿವೆ.

ಇಷ್ಟು ಮಾತ್ರ ಹೇಳಿದೆ: ಮೇಡಂ,
ಇಲ್ಲಿ ವರ್ಷವರ್ಷ ಬಿರುಗಾಳಿ,
ತಗಡಿನ ಸೂರು ಹಾರಿಹೋಗುತ್ತದೆ.
ಅದಕ್ಕೇ ನಮ್ಮ ಬಡವರು ಕನಸು ಕಾಣುವುದು
ಭಾರದ ತಾರಸಿಯನ್ನು.
ಅಜ್ಜನ ಅಜ್ಜನೂ ಕಾಣದ ನಡುಕವನ್ನು
ನೆನೆದು ಕಟ್ಟುವಷ್ಟು ಯಾರ ಗಂಟಿನಲ್ಲಿತ್ತು?
ನೆನಪಿಗೂ ದುಡ್ಡು ಬೇಕು.
ಗಾಳಿಗೆ ಹೆದರಿ ನಾವು ಹೊದ್ದದ್ದನ್ನೇ
ನೆಲ ನಮ್ಮ ಮೇಲೆ ಎಳೆಯಿತು.

ಇವ್ರೋಜಳ ವಿಷಯ ಹೇಳಲಿಲ್ಲ.

ಮೀನು ಮಾರುವವಳು. ಬ್ಯಾಂಕಿನ ಬಾಗಿಲು ಕಂಡವಳಲ್ಲ,
ಇಟ್ಟಿಗೆಯಲ್ಲೇ ಉಳಿತಾಯ:
ಮಂಗಳವಾರ ಎರಡು, ಶನಿವಾರ ಮೂರು,
ಒಂದೊಂದಾಗಿ ತಲೆಯ ಮೇಲೆ, ಏಳು ವರ್ಷ.
ಚೌಕಾಸಿ ಬಲು ಜೋರು.
ಎರಡು ಗೂರ್ದ್ ಇಳಿಸು ದ್ಯೂಸೆಲ್, ಪುಣ್ಯ ಬರುತ್ತೆ.
ಇಳಿಸಿದೆ. ಎಲ್ಲಿಂದ ಇಳಿಸಿದೆ?
ಮೂಟೆಯಿಂದ.
ಉಳಿದದ್ದಕ್ಕೆ ತೊಳೆಯದ ಕಡಲ ಮರಳು.
ಯಾರು ಯಾರಿಗೆ ಮೋಸ ಮಾಡಿದೆವೋ,
ಇಬ್ಬರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಮನೆ ಮುಗಿದದ್ದು ಡಿಸೆಂಬರಿನಲ್ಲಿ,
ಬಾಗಿಲಿಗೆ ನೀಲಿ ಬಳಿದಿದ್ದಳು.
ಜನವರಿಯ ಆ ಸಂಜೆ, ಐದಕ್ಕೆ ಇನ್ನೂ ಏಳು ನಿಮಿಷ,
ಮೀನು ಬೇಗ ಮುಗಿದಿತ್ತು.
ಎಂದೂ ಇಲ್ಲದೆ ಅಂದು ಒಳಗೆ ಅಡ್ಡಾಗಿದ್ದಳು.

ಬಾಗಿಲು ಮಾತ್ರ ನಿಂತಿತ್ತು. ನೀಲಿ.

ಈಗ ಮೂಟೆಗೆ ಮೂವತ್ತು. ಹೊಳೆಯ ಮರಳು.
ನೆರಳಿನಲ್ಲಿಟ್ಟು ಏಳು ದಿನ ನೀರುಣಿಸುತ್ತೇನೆ.
ಗಿರಾಕಿಗಳು ಎತ್ತುತ್ತಾರೆ, ತೂಗುತ್ತಾರೆ,
ಬೆಲೆ ಕೇಳಿ ಮೆಲ್ಲನೆ ಇಳಿಸಿ
ರಸ್ತೆಯಾಚೆ ಫೆನೆಲೋನನ ಅಂಗಳಕ್ಕೆ ಹೋಗುತ್ತಾರೆ.
ಅವನದು ಅರವತ್ತೈದು.
ಯಾವ ಬಾಯಲ್ಲಿ ಕೂಗಿ ಕರೆಯಲಿ?

ಗ್ರಿಸೆಲ್ದಾ ಕೊಟ್ಟುಹೋದ ಕಾಗದದಲ್ಲಿ
ಎಲ್ಲ ಇದೆ: ಎಷ್ಟು ನೀರು, ಎಷ್ಟು ಜಲ್ಲಿ,
ಕಂಬಿ ಎಷ್ಟು ದಪ್ಪ.
ಕೊಳ್ಳುವವರು ಯಾರು ಎಂಬುದೊಂದಿಲ್ಲ.

ನಿನ್ನೆ ಬಂದಳು ಇವ್ರೋಜಳ ಮಗಳು, ಹದಿಮೂರರವಳು.
ಅಂಗೈಯಲ್ಲಿ ಬೆವೆತ ನಾಣ್ಯ,
ಒಂದೇ ಒಂದಕ್ಕಾಗುವಷ್ಟು.
ಸಿಂಬಿ ಸುತ್ತಿ ತಲೆಯೊಡ್ಡಿದಳು.
ತಾಳು, ಅಂದೆ. ಎತ್ತು. ಹೆಗಲವರೆಗೆ.
ಅವಳ ಹೆಗಲು ಇನ್ನೂ ಸಾಲದು,
ಕಲ್ಲಿನ ಮೇಲೆ ನಿಲ್ಲಿಸಿದೆ.

ಒಡೆದರೆ? ಅಂದಳು. ನನ್ನ ದುಡ್ಡು?

ಒಡೆದರೆ ನನ್ನದು.
ನನ್ನದೇ.
ಬಿಡು.