ಮಾತಿನ ಪುಗ್ಗೆಯಲ್ಲಿ ಒಂದು ಳ

ಸಿದ್ದಾಪುರದ ಬಸ್‌ಸ್ಟ್ಯಾಂಡಿನೆದುರು
ಝೆರಾಕ್ಸ್ ಅಂಗಡಿಯ ಮಹಡಿ. ಕೆಳಗೆ
ಕುಂಞಾಲಿಯವರು ಮೀನು ಹುರಿಯುತ್ತಾರೆ,
ನನ್ನ ಹಾಳೆಗಳಿಗೆಲ್ಲ ಮತ್ತಿಯ ವಾಸನೆ.
ಇಲ್ಲಿ ಕೂತು ಚಿತ್ರಕತೆ ಬರೆಯುತ್ತೇನೆ.
ಮೊದಲು ಮುಖ, ಆಮೇಲೆ ಮಾತಿನ ಪುಗ್ಗೆ.
ಪುಗ್ಗೆಯ ಬಾಲ ಬಾಯಿಗೆ ತಾಗಬೇಕು,
ಚುಚ್ಚಬಾರದು.

ಮೂರನೇ ಪುಟದಲ್ಲಿ ಜೊನಾಲಿ.
ಅಸ್ಸಾಮಿನವಳು, ಲೈನ್ ಮನೆಯ ಕೊನೆಯ ಬಾಗಿಲು.
ರೈಟರು ಕೇಳುತ್ತಾನೆ: ಕೆಲಸ ಹೇಗಿದೆ?
ಅವಳು ಅಂದದ್ದನ್ನು ಕಿವಿಯಿಂದ ನಿಬ್ಬಿಗೆ
ಒಂದು ಹನಿ ಚೆಲ್ಲದಂತೆ ಇಳಿಸಿದ್ದೆ:
“ಟೋಟ ಕೆಲಸ ಒಲ್ಲೆ.”
ಎಷ್ಟು ನಿಜ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.
ಪ್ರಕಾಶಕರು ಫೋನಿನಲ್ಲಿ ನಕ್ಕರು:
“ಇಂಥವು ಇನ್ನೂ ನಾಲ್ಕು ಹಾಕಿ ಮೇಡಂ, ಮಕ್ಕಳು ನಗ್ತಾರೆ.”

ಭಾನುವಾರ ಸಂತೆ ಮುಗಿಸಿ ಅವಳೇ ಬಂದಳು,
ಜೊತೆಗೆ ಮಗಳು ಮಾಮನಿ,
ಸರ್ಕಾರಿ ಶಾಲೆ, ಎರಡನೇ ಕ್ಲಾಸು.
ತಾಯಿಗೆ ಓದು ಬಾರದು. ಮಗಳಿಗೆ ಕನ್ನಡ
ನೀರು ಕುಡಿದಷ್ಟು ಸಲೀಸು.
ಹಸಿ ಮಸಿಗೆ ಬೆರಳು ತಾಗಿಸದೆ
ಓದುತ್ತಾ ಬಂತು ಹುಡುಗಿ, ನಿಂತಿತು.
“ಅಮ್ಮ ಯಾಕೆ ಒಲ್ಲೆ ಅಂತಾಳೆ?
ಕೆಲಸ ಬೇಡವಾ ಅಮ್ಮನಿಗೆ?
ರೈಟರು ಕಳಿಸಿಬಿಟ್ರೆ?”

ಜೊನಾಲಿ ನಮ್ಮಿಬ್ಬರ ಮುಖ ನೋಡಿದಳು.
ಒಳ್ಳೆ ಅಂದಿದ್ದಳು ಅವಳು. ಒಳ್ಳೆ.
ನಾಲಿಗೆ ಮಡಚಿ ಹೊರಳುವ ಆ ತಿರುವಿಗೆ
ಅವಳ ನುಡಿಯಲ್ಲಿ ದಾರಿ ಕಡಿದಿಲ್ಲ.
ನನಗೆ ಗೊತ್ತಿತ್ತು. ಗೊತ್ತಿದ್ದೇ
ಒಳ್ಳೆಯ ಮಾತನ್ನು ಒಲ್ಲದ ಮಾತು ಮಾಡಿ
ಅವಳ ಬಾಯಿಗೆ ದಾರದಿಂದ ಕಟ್ಟಿದ್ದೆ.

ನಾಲ್ಕನೇ ಪುಟದಲ್ಲಿ ನಾನೂ ಇದ್ದೇನೆ,
ಕನ್ನಡಕ, ಬಗಲಲ್ಲಿ ಕೊಡೆ.
ನನ್ನ ಪುಗ್ಗೆಯೊಳಗೆ ಧ, ಭ, ಘ,
ಎಲ್ಲ ಮಹಾಪ್ರಾಣಗಳೂ ಇಸ್ತ್ರಿ ಹಾಕಿಸಿಕೊಂಡು
ಸಾಲಾಗಿ ನಿಂತಿವೆ.
ಎಂದು ಬಂದಿದ್ದವು ಅವು ನನ್ನ ಬಾಯಿಗೆ?
ಮೈಸೂರಿನ ಹಾಸ್ಟೆಲು, ಮೊದಲ ವಾರ,
“ನಾನು ಮದ್ಯದ ಬೆಂಚಲ್ಲಿ ಕೂರ್ತೇನೆ” ಅಂದವಳು ನಾನು.
ಕೊಡಗಿನವಳಲ್ವಾ, ಕೂರ್ಲಿ ಬಿಡಿ ಎಂದು
ಮೂರು ವರ್ಷ ನಕ್ಕಿತು ಆ ಬೆಂಚು.

ಅವ್ವನ ಮಾತಲ್ಲಿ ಎರಡು ಸ್ವರಗಳಿವೆ,
ಕನ್ನಡದ ಯಾವ ಅಕ್ಷರದ ಅಂಗಿಯೂ ಹಿಡಿಸದವು.
ಅವ್ವನಿಗೆ ಕಾಗದ ಬರೆವಾಗ
ಉ ಎಂದೋ ಎ ಎಂದೋ ಗೀಚಿ ಮುಂದೆ ಹೋಗುತ್ತೇನೆ.
ಅವ್ವ ಸರಿಯಾಗಿಯೇ ಓದಿಕೊಳ್ಳುತ್ತಾಳೆ.
ಅಷ್ಟು ಸಾಲ ಜೊನಾಲಿಗೂ ಕೊಡಬಹುದಿತ್ತು.

ಅವಳೂರಿನ ಹೆಸರು ಅವಳ ಬಾಯಲ್ಲಿ ಬೇರೆಯೇ.
ನಡುವಿನ ಆ ಸದ್ದು ಸ ಮತ್ತು ಹ ಜಗಳಾಡಿ
ಗಂಟಲಲ್ಲಿ ಒಟ್ಟಿಗೆ ಜಾರಿದಂತೆ.
ಮೂರು ಸಲ ಪ್ರಯತ್ನಿಸಿದೆ.
ಮಾಮನಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು.
ಜೊನಾಲಿ ಮಾತ್ರ “ಬಂತು, ಬಂತು” ಅಂದಳು.
ಬಂದಿರಲಿಲ್ಲ.

ರಾತ್ರಿ ಬಿಳಿ ಬಣ್ಣದ ಸೀಸೆ ತೆರೆದೆ.
ತೋಟವನ್ನು ತೋಟವೆಂದೇ ಬರೆದೆ.
ಅವಳ ತಡವರಿಕೆ ಇರುವುದು
ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ,
ಕಾಫಿ ಹಣ್ಣಿನ ಗೋಣಿ ಹೆಗಲು ಬದಲಿಸುವಷ್ಟು ಹೊತ್ತಿನಲ್ಲಿ.
ಆ ಹೊತ್ತಿಗೊಂದು ಖಾಲಿ ಚೌಕ ಬಿಟ್ಟೆ.
“ಕೆಲಸ… ತೋಟದ್ದು… ಒಳ್ಳೆದು. ಚಳಿ ಮಾತ್ರ.”
ಮಗಳೊಡನೆ ಅವಳಾಡುವ ಅಸ್ಸಾಮಿಗೆ
ಪುಗ್ಗೆಯ ಗೆರೆ ಹಸಿರು, ಒಳಗೆ ಹೊಳೆಯಂಥ ಕನ್ನಡ:
ಗದರುತ್ತಾಳೆ, ಲೆಕ್ಕ ಹಾಕುತ್ತಾಳೆ,
ರೈಟರನ ಮೀಸೆ ಆಡಿಕೊಳ್ಳುತ್ತಾಳೆ.
ಮಕ್ಕಳು ಅಲ್ಲಿ ನಗಲಿ.

“ಹಾಗಾದ್ರೆ ಅವಳು ಹೊರಗಿನವಳು ಅಂತ
ಗೊತ್ತಾಗೋದು ಹೇಗೆ?” ಎಂದರು ಪ್ರಕಾಶಕರು.
ಗೊತ್ತಾಗದಿದ್ದರೆ ಏನು ಎಂದು ಕೇಳಬೇಕಿತ್ತು.
ದುಡ್ಡು ಇನ್ನೂ ಬಂದಿರಲಿಲ್ಲ.
“ಹಸಿರು ಗೆರೆ ಇದೆಯಲ್ಲ ಸರ್” ಎಂದೆ.

ನನ್ನ ಮಹಾಪ್ರಾಣಗಳನ್ನು ಕೀಳಲೇ ಎಂದು
ಸ್ವಲ್ಪ ಹೊತ್ತು ನಿಬ್ಬು ಹಿಡಿದಿದ್ದೆ. ಇರಲಿ ಬಿಟ್ಟೆ,
ಅವಳಿಗೂ ಎರಡು ಹಾಕಿದೆ.
ಒಲ್ಲೆಯ ಮೇಲೆ ಒಳ್ಳೆ ಬರೆದ ಕಡೆ
ಬೆರಳಾಡಿಸಿದರೆ ಸಣ್ಣ ಉಬ್ಬು.
ಅಚ್ಚಿನಲ್ಲಿ ಅದು ಕಾಣುವುದಿಲ್ಲ.